ಹದಿನಾಲ್ಕು ದಿನ: ಪುಣೆಯಿಂದ ದಾವಣಗೆರೆಗೆ ಬಂದ ಒಂದು ಕಾರಿನ ವಿಮಾ ಪ್ರಕರಣ

ನಾನು ದಾವಣಗೆರೆಯಲ್ಲಿ ವಾಹನ ವಿಮೆಯ ಏಜೆಂಟ್. ಈ ಪ್ರಕರಣದ ಪಾಲಿಸಿ ನಾನು ಮಾಡಿಸಿದ್ದಲ್ಲ. ಆದರೂ ಅಪಘಾತದ ದಿನದ ಫೋನಿನಿಂದ ಹಿಡಿದು ಕೊನೆಯ ಆದೇಶದವರೆಗೆ ಕಾಗದ ಹಿಡಿದುಕೊಂಡು ಓಡಾಡಿದವನು ನಾನೇ. ನಡುವೆ ನಾನೂ ಒಂದು ತಪ್ಪು ಮಾಡಿದ್ದೇನೆ, ಅದನ್ನೂ ಬರೆಯುತ್ತೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಕಾರು ಓಡಿಸುತ್ತಿದ್ದವರು ನಿವೃತ್ತ ಶಿಕ್ಷಕರು. ಊರಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರು ಮೇಷ್ಟ್ರು.

ಕಾರು ಬಂದ ಬಗೆ

ಮೇಷ್ಟ್ರ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. 2019ರ ಜುಲೈನಲ್ಲಿ ಅಲ್ಲೇ ಒಂದು ಸಣ್ಣ ಪೆಟ್ರೋಲ್ ಕಾರು ಕೊಂಡ. ಎಂಎಚ್-12 ನಂಬರು, ಪಾಲಿಸಿ ಅವನ ಹೆಸರಲ್ಲಿ, ವಿಳಾಸ ಪುಣೆಯದು. 2022ರಲ್ಲಿ ಜರ್ಮನಿಯ ಕೆಲಸ ಸಿಕ್ಕಾಗ ಕಾರನ್ನು ತಂದು ಅಪ್ಪನ ಮನೆ ಮುಂದೆ ನಿಲ್ಲಿಸಿ ಹೋದ. ಪಾಲಿಸಿಯನ್ನು ವರ್ಷ ವರ್ಷ ಆನ್‌ಲೈನ್‌ನಲ್ಲಿ ಅಲ್ಲಿಂದಲೇ ನವೀಕರಿಸುತ್ತಿದ್ದ. ಒಮ್ಮೆಯೂ ಕ್ಲೇಮು ಆಗಿರಲಿಲ್ಲವಾದ್ದರಿಂದ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) 20, 25, 35 ಎಂದು ಏರಿ 2023ರ ಜುಲೈಗೆ ಶೇ 45 ಮುಟ್ಟಿತ್ತು.

ಇಲ್ಲಿಯವರೆಗೆ ವಿಮೆಯ ಲೆಕ್ಕದಲ್ಲಿ ತೊಡಕೇನೂ ಇರಲಿಲ್ಲ. ಕಾರಿನ ಪಾಲಿಸಿ ಭಾರತದ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾದಂಥ ಕಡೆಗೆ ಹೋಗುವವರು ಮಾತ್ರ ಮುಂಚೆಯೇ ಹೆಚ್ಚುವರಿ ಪ್ರೀಮಿಯಂ ಕಟ್ಟಿ ವಿಸ್ತರಿಸಿಕೊಳ್ಳಬೇಕು. ಮಗನ ಕಾರನ್ನು ಅಪ್ಪ ಓಡಿಸುವುದಕ್ಕೂ ಅಡ್ಡಿಯಿಲ್ಲ, ಲೈಸೆನ್ಸ್ ಇದ್ದರಾಯಿತು. ಪ್ರೀಮಿಯಂ ಲೆಕ್ಕ ಹಾಕುವಾಗ ಪುಣೆ ‘ಎ’ ವಲಯ, ದಾವಣಗೆರೆ ‘ಬಿ’ ವಲಯ. ಬೆಂಗಳೂರು, ಚೆನ್ನೈ, ಮುಂಬಯಿ ಸೇರಿ ಎಂಟು ದೊಡ್ಡ ನಗರ ಬಿಟ್ಟರೆ ಉಳಿದ ದೇಶವೆಲ್ಲ ‘ಬಿ’. ಇದರಿಂದ ಬೀಳುವ ವ್ಯತ್ಯಾಸ ತೀರಾ ಸಣ್ಣದು, ಅದೂ ಇಲ್ಲಿಗೆ ಬಂದರೆ ಕಡಿಮೆಯೇ ಆಗುತ್ತದೆ.

ತೊಡಕಿದ್ದದ್ದು ನೋಂದಣಿಯಲ್ಲಿ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಒಂದು ದಿನ ಹೆಬ್ಬಾಳು ಟೋಲ್ ಹತ್ತಿರ ತಪಾಸಣೆಯವರು ಕಾರು ನಿಲ್ಲಿಸಿ, “ಎಷ್ಟು ದಿನ ಆತು ಸಾರ್ ಈ ಕಡೆ ಬಂದು?” ಎಂದು ಕೇಳಿದರು. ಮೂವತ್ತೈದು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದವರು ಇದ್ದದ್ದನ್ನು ಇದ್ದಂತೆ ಹೇಳಿದರು. ಬೇಗ ಮಾಡಿಸಿಕೊಳ್ಳಿ ಎಂದು ಎಚ್ಚರಿಸಿ ಬಿಟ್ಟರು. ಮನೆಗೆ ಬಂದವರೇ ಮೇಷ್ಟ್ರು ಮಗನಿಗೆ ಫೋನ್ ಮಾಡಿದರು: “ಹೆಂಗೂ ನಂಬರ್ ಬದಲಿ ಮಾಡ್ಸಾದು, ಹೆಸರೂ ನನ್ನ ಹೆಸರಿಗೇ ಮಾಡಿಬಿಡು. ನೀನಂತೂ ಸದ್ಯಕ್ಕೆ ಬರಂಗಿಲ್ಲ.”

ಮುಂದೆ ನಡೆದದ್ದಕ್ಕೆಲ್ಲ ಬೀಜ ಈ ಮಾತಿನಲ್ಲಿದೆ. ಬರೀ ನಂಬರು ಬದಲಾಗಿದ್ದರೆ ವಿಷಯ ಸಣ್ಣದಾಗಿ ಮುಗಿಯುತ್ತಿತ್ತು.

ನವೆಂಬರ್ 3

ಕಾಗದಪತ್ರದ ಕೆಲಸವನ್ನು ಅವರು ಚೊಕ್ಕವಾಗಿಯೇ ಮಾಡಿದರು. ಪುಣೆಯಿಂದ ಎನ್‌ಒಸಿಗೆ (ಆಕ್ಷೇಪವಿಲ್ಲ ಎಂಬ ಪತ್ರಕ್ಕೆ) ಫಾರಂ 28, ಇಲ್ಲಿ ಹೊಸ ನಂಬರಿಗೆ ಫಾರಂ 27, ಹೆಸರು ವರ್ಗಾವಣೆಗೆ 29 ಮತ್ತು 30. ಆಜೀವ ತೆರಿಗೆ ಎಪ್ಪತ್ತು ಸಾವಿರದ ಹತ್ತಿರ ಕಟ್ಟಿದರು. ಅರ್ಜಿಗಳ ಜೊತೆ ಪಾಲಿಸಿಯ ಪ್ರತಿಯನ್ನೂ ಇಟ್ಟಿದ್ದರು. ನೋಂದಣಿಗೆ ಬೇಕಾದದ್ದು ಚಾಲ್ತಿಯಲ್ಲಿರುವ ವಿಮೆ, ಅದು ಚಾಲ್ತಿಯಲ್ಲಿತ್ತು. ಅದು ಯಾರ ಹೆಸರಲ್ಲಿದೆ, ಮುಂದೆ ಏನಾಗಬೇಕು ಎಂಬ ಮಾತು ಯಾರಿಂದಲೂ ಬರಲಿಲ್ಲ.

2023ರ ನವೆಂಬರ್ 3ರಂದು ಅರ್ಜಿ ಮಂಜೂರಾಯಿತು. ಕೆಎ-17 ನಂಬರು, ಮಾಲೀಕರ ಜಾಗದಲ್ಲಿ ಮೇಷ್ಟ್ರ ಹೆಸರು. ಆರ್‌ಟಿಒ ಕೆಲಸ ನೋಡಿಕೊಳ್ಳುತ್ತಿದ್ದ ಏಜೆಂಟ್ ಫೋನ್ ಮಾಡಿ, “ಕೆಲಸ ಆತು ಸಾರ್, ಕಾರ್ಡ್ ಪೋಸ್ಟಿಗೆ ಬರ್ತತಿ, ನಂಬರ್ ಪ್ಲೇಟ್ ಹಾಕ್ಸಿಕೊಳ್ಳಿ” ಎಂದ.

ಆ ಭಾನುವಾರ, 5ನೇ ತಾರೀಖು, ಬೆಣ್ಣೆ ದೋಸೆ ಅಂಗಡಿಯಲ್ಲಿ ಮೇಷ್ಟ್ರು ಸಿಕ್ಕರು. ಖುಷಿಯಲ್ಲಿದ್ದರು. ಹೊಸ ನಂಬರು ಹೇಳಿದರು, ಕೂಡಿದರೆ ಒಂಬತ್ತು ಬರುತ್ತದೆ ಎಂದರು. ಆಮೇಲೆ ತಾವಾಗಿಯೇ, “ಇನ್ಶೂರೆನ್ಸ್‌ನೋರಿಗೂ ತಿಳಿಸ್ಬೇಕಲ್ಲಪ್ಪಾ? ಕಾರ್ಡ್ ಕೈಗೆ ಬರಲಿ, ಒಂದೇ ಸಲ ಕಳಿಸ್ತೀನಿ” ಎಂದರು. ನಾನು ಬಾಯಲ್ಲಿ ದೋಸೆ ಇಟ್ಟುಕೊಂಡು ತಲೆಯಾಡಿಸಿದೆ.

ಇದೇ ನನ್ನ ತಪ್ಪು. ಹೆಸರು ವರ್ಗಾವಣೆಯಾದ ದಿನದಿಂದ ಹದಿನಾಲ್ಕು ದಿನದೊಳಗೆ ಹೊಸ ಮಾಲೀಕರು ಕಂಪನಿಗೆ ಅರ್ಜಿ ಕೊಡಬೇಕು ಎಂದು ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ನನಗದು ಗೊತ್ತಿತ್ತು, ಗಿರಾಕಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ ಮೇಷ್ಟ್ರು ನನ್ನ ಗಿರಾಕಿಯಲ್ಲ, ಅಪ್ಪ ಮಗನ ನಡುವಿನ ಕಾರು ಮಾರಾಟ ಎಂದು ಮನಸ್ಸಿಗೆ ಬರಲಿಲ್ಲ, ದೋಸೆ ಬಿಸಿ ಇತ್ತು. ಕಾಯ್ದೆಗೆ ಮಾರಾಟವೂ ಒಂದೇ, ಅಪ್ಪನಿಗೆ ಸುಮ್ಮನೆ ಕೊಟ್ಟದ್ದೂ ಒಂದೇ. ಕಾರ್ಡಿಗೆ ಕಾಯಬೇಕಾಗಿಯೂ ಇರಲಿಲ್ಲ: ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿಗೂ (ನೋಂದಣಿ ಪತ್ರಕ್ಕೂ) ಕಾರ್ಡಿನಷ್ಟೇ ಬೆಲೆ.

ಮಂಜೂರಾತಿಯ ಎಸ್ಸೆಮ್ಮೆಸ್ ಕೂಡ ಬಂದಿತ್ತು. ಬಂದದ್ದು ಮಗನ ಹಳೆಯ ಪುಣೆ ನಂಬರಿಗೆ. ಆ ಸಿಮ್ ಇದ್ದ ಫೋನು ಮೇಷ್ಟ್ರ ಮನೆಯ ಮೇಜಿನ ಡ್ರಾಯರಿನಲ್ಲಿ, ಒಟಿಪಿ ಬೇಕಾದಾಗ ಮಾತ್ರ ಚಾರ್ಜಿಗೆ ಹಾಕುವ ಸ್ಥಿತಿಯಲ್ಲಿತ್ತು.

ಅಷ್ಟರಲ್ಲಿ ದೀಪಾವಳಿ ಬಂತು, ಮನೆ ತುಂಬ ಜನ. ಕಾರ್ಡು 20ನೇ ತಾರೀಖು ಬಂತು. ಅಷ್ಟು ಹೊತ್ತಿಗೆ ಮೇಷ್ಟ್ರು ಫಾಸ್ಟ್ಯಾಗ್ ಹೊಸ ನಂಬರಿಗೆ ಬದಲಿಸಿದ್ದರು, ಹೊಗೆ ಪರೀಕ್ಷೆಯ ಚೀಟಿ ಹೊಸದು ಮಾಡಿಸಿದ್ದರು, ಪ್ಲೇಟ್ ಹಾಕಿಸಿದ್ದರು. ಹಿಂದಿನ ಗಾಜಿಗೆ ರಾಯರ ಸ್ಟಿಕ್ಕರ್ ಕೂಡ ಅಂಟಿಸಿದ್ದಾಗಿತ್ತು. ಉಳಿದದ್ದು ಪಾಲಿಸಿ ಒಂದೇ. ಗುರುವಾರ ಮಂತ್ರಾಲಯಕ್ಕೆ ಹೋಗಿಬಂದು ಮಾಡೋಣ ಎಂದುಕೊಂಡರು.

ಆದೋನಿ ರಸ್ತೆಯಲ್ಲಿ

ನವೆಂಬರ್ 23ರ ಗುರುವಾರ ಬೆಳಿಗ್ಗೆ, ಬಳ್ಳಾರಿ ದಾಟಿ ಆಂಧ್ರ ಹೊಕ್ಕು ಆದೋನಿಗೆ ಇನ್ನೊಂದಿಷ್ಟು ದೂರ ಇರುವಾಗ, ಹತ್ತಿ ಹೊಲದ ಕಡೆಯಿಂದ ಒಂದು ಬೈಕು ರಸ್ತೆಗೆ ಬಂತು. ಮೇಷ್ಟ್ರು ಎಡಕ್ಕೆ ಎಳೆದರು. ಬೈಕಿಗೆ ತಾಗಿ ಕಾರು ಮೋರಿಯ ಕಟ್ಟೆಗೆ ಗುದ್ದಿತು. ಸವಾರನ ಕಾಲು ಮುರಿಯಿತು. ಕಾರಿನಲ್ಲಿದ್ದವರಿಗೆ ತರಚು ಗಾಯ.

ಹತ್ತು ನಿಮಿಷದಲ್ಲಿ ಜನ ಸೇರಿದರು. ತೆಲುಗು ಕನ್ನಡ ಬೆರೆತ ಮಾತಿನಲ್ಲಿ ಒಬ್ಬರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ನಿಮ್ಮದು ಕರ್ನಾಟಕದ ಗಾಡಿ, ನಿಮ್ಮ ಇನ್ಶೂರೆನ್ಸು ಆಂಧ್ರದಲ್ಲಿ ನಡೆಯುವುದಿಲ್ಲ, ಅರವತ್ತು ಸಾವಿರ ಕೊಟ್ಟು ಇಲ್ಲೇ ಮುಗಿಸಿಕೊಳ್ಳಿ, ಇಲ್ಲವಾದರೆ ಕೋರ್ಟಿಗೆ ಅಲೆದು ಸಾಯುತ್ತೀರಿ ಎಂದರಂತೆ. ಮೇಷ್ಟ್ರು ನನಗೆ ಫೋನ್ ಮಾಡಿದ್ದು ಆಗ. ದನಿ ನಡುಗುತ್ತಿತ್ತು. “ಗೂಗಲ್ ಪೇ ಮಾಡಿಬಿಡ್ಲೇನಪ್ಪಾ?”

ಬೇಡ ಎಂದೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಹೇಳಿದ ಮಾತು ಇದು. 108ಕ್ಕೆ ಕರೆ ಮಾಡಿ, ಗಾಯಾಳುವಿನ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಿ, ಗಾಡಿ ಸರಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಠಾಣೆಗೆ ನೀವೇ ಹೋಗಿ ಹೇಳಿಕೆ ಕೊಡಿ ಎಂದೆ. ರಸ್ತೆ ಮೇಲಿನ ರಾಜಿಯಿಂದ ಎರಡು ಅಪಾಯ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಂಡು ದುಡ್ಡು ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಜೊತೆಗೆ, ಇವತ್ತು ಅರವತ್ತು ಸಾವಿರ ತೆಗೆದುಕೊಂಡವರು ನಾಳೆ ನ್ಯಾಯಮಂಡಳಿಗೆ ಹೋಗುವುದನ್ನು ತಡೆಯಲು ಆ ಗೂಗಲ್ ಪೇ ರಸೀದಿಗೆ ಆಗುವುದಿಲ್ಲ.

ಎಫ್‌ಐಆರ್ ತೆಲುಗಿನಲ್ಲಿತ್ತು. ಮೊಳಕಾಲ್ಮುರು ಕಡೆಯ ಬೀಗರೊಬ್ಬರು ವಾಟ್ಸ್ಯಾಪ್‌ನಲ್ಲಿ ಓದಿ ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದರು.

ಡಿಕ್ಕಿಯಲ್ಲಿದ್ದ ಹಳೆಯ ಪ್ಲೇಟು

ಕಾರನ್ನು ಎಳೆದು ತಂದು ಬಳ್ಳಾರಿಯ ಗ್ಯಾರೇಜಿಗೆ ಬಿಟ್ಟೆವು. ಬಂಪರ್, ಬಾನೆಟ್, ರೇಡಿಯೇಟರ್, ಎರಡು ಹೆಡ್‌ಲೈಟು, ಏರ್‌ಬ್ಯಾಗು: ಅಂದಾಜು 1,38,000 ರೂಪಾಯಿ. ಕ್ಯಾಶ್‌ಲೆಸ್ ಎಂದುಕೊಂಡು ಪಾಲಿಸಿ ಕೊಟ್ಟಾಗ ಕೌಂಟರಿನ ಹುಡುಗ ಒಮ್ಮೆ ಕಾಗದ ನೋಡಿದ, ಒಮ್ಮೆ ಕಾರು ನೋಡಿದ. “ಪಾಲಿಸಿ ಎಂಎಚ್, ಗಾಡಿ ಕೆಎ. ಹೆಸರೂ ಬೇರೆ ಐತಲ್ರಿ.”

ನನಗೆ ಆಗಲೇ ಎದೆ ಧಸಕ್ಕೆಂದಿದ್ದು. ನಿಂತಲ್ಲೇ ಬೆರಳು ಮಡಚಿ ಎಣಿಸಿದೆ. 3ರಿಂದ ಹದಿನಾಲ್ಕು ದಿನ ಎಂದರೆ 17ಕ್ಕೆ ಮುಗಿಯಿತು. ಅಪಘಾತ ಆದದ್ದು 23ಕ್ಕೆ.

ಗ್ಯಾರೇಜಿನಲ್ಲಿ ಎರಡು ಸಲಹೆ ಬಂದವು. ಡಿಕ್ಕಿಯಲ್ಲಿ ಹಳೆಯ ಎಂಎಚ್ ಪ್ಲೇಟು ಇನ್ನೂ ಇತ್ತು. ಹಾನಿ ನೋಡಿ ಲೆಕ್ಕ ಹಾಕುವ ಸರ್ವೇಯರ್ ಬರುವ ಮುಂಚೆ ಅದನ್ನು ಹಾಕಿಬಿಡಿ, ಮಗ ಓಡಿಸುತ್ತಿದ್ದ ಎನ್ನಿ ಎಂದರು ಒಬ್ಬರು. ಇನ್ನೊಬ್ಬರು, ವಿಮೆ ಕ್ಷೇತ್ರದವರೇ, ವರ್ಗಾವಣೆ ಕೋರಿ 10ನೇ ತಾರೀಖು ಹಾಕಿದ ಒಂದು ಪತ್ರ ಬರೆದುಕೊಡಿ, ಮಿಕ್ಕಿದ್ದು ನೋಡಿಕೊಳ್ಳೋಣ ಎಂದರು. ಮೇಷ್ಟ್ರು ನನ್ನ ಮುಖ ನೋಡಿದರು. ಎಫ್‌ಐಆರ್‌ನಲ್ಲಿ ಕೆಎ ನಂಬರು ಇದೆ, ಟೋಲಿನಲ್ಲಿ ಫಾಸ್ಟ್ಯಾಗ್ ದಾಖಲೆ ಇದೆ, ಮಗ ಜರ್ಮನಿಯಲ್ಲಿರುವುದಕ್ಕೆ ಪಾಸ್‌ಪೋರ್ಟ್ ಇದೆ. ಸಿಕ್ಕಿಬೀಳುವುದು ಖಾತ್ರಿ, ಬಿದ್ದರೆ ಥರ್ಡ್ ಪಾರ್ಟಿ ರಕ್ಷಣೆಗೂ, ಅಂದರೆ ನಮ್ಮ ಗಾಡಿಯಿಂದ ಗಾಯಗೊಂಡವರಿಗೆ ಕೊಡಬೇಕಾದ ಪರಿಹಾರಕ್ಕೂ, ಮೋಸದ ನೆರಳು ಬೀಳುತ್ತದೆ. ನಾನು ಈ ಲೆಕ್ಕವನ್ನೆಲ್ಲ ಹೇಳುವ ಮುಂಚೆಯೇ ಮೇಷ್ಟ್ರು, “ಥೂ, ಅದೆಲ್ಲ ಬ್ಯಾಡ. ಇದ್ದದ್ದು ಬರಕೊಡಾಣ” ಎಂದುಬಿಟ್ಟರು. ಸರ್ವೇಯರ್‌ಗೆ ಹೊಸ ಆರ್‌ಸಿ, ಎನ್‌ಒಸಿ, ಹಳೆಯ ಪಾಲಿಸಿ ಎಲ್ಲವನ್ನೂ ತಾರೀಖು ಸಹಿತ ಕೊಟ್ಟೆವು. ಅದೇ ದಿನ ವರ್ಗಾವಣೆಯ ಅರ್ಜಿಯನ್ನೂ ನಿಜವಾದ ತಾರೀಖು ಹಾಕಿಯೇ ಕಳಿಸಿದೆವು.

ಎರಡು ಹೋಳಾದ ಕ್ಲೇಮು

ಜನವರಿಯಲ್ಲಿ ಉತ್ತರ ಬಂತು, ಎರಡೇ ಸಾಲು. ಅಪಘಾತದ ದಿನ ಪಾಲಿಸಿದಾರರಿಗೆ ಕಾರಿನಲ್ಲಿ ವಿಮಾ ಹಿತಾಸಕ್ತಿ ಇರಲಿಲ್ಲ, ಆದ್ದರಿಂದ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿ) ಕ್ಲೇಮು ತಿರಸ್ಕರಿಸಲಾಗಿದೆ. ಬಿಡಿಸಿ ಹೇಳುವುದಾದರೆ: ಕಾರು ಅಪ್ಪನದು, ಒಪ್ಪಂದ ಮಗನ ಜೊತೆ. ಮಗನಿಗೆ ನಷ್ಟವಾಗಿಲ್ಲ, ನಷ್ಟವಾದ ಅಪ್ಪನ ಜೊತೆ ಒಪ್ಪಂದವೇ ಇಲ್ಲ.

ಇಲ್ಲಿ ಓದುಗರು ಗೊಂದಲಕ್ಕೆ ಬೀಳುವ ಒಂದು ಮಾತಿದೆ. 157ನೇ ಸೆಕ್ಷನ್ನಿನ ಮೊದಲ ಭಾಗ, ಗಾಡಿ ಕೈ ಬದಲಾದರೆ ಪಾಲಿಸಿಯೂ ತಾನಾಗಿಯೇ ಹೊಸ ಮಾಲೀಕರಿಗೆ ವರ್ಗವಾದಂತೆ ಎನ್ನುತ್ತದೆ. ಹಾಗಿದ್ದ ಮೇಲೆ ಕ್ಲೇಮು ಯಾಕೆ ಕೊಡಲಿಲ್ಲ ಎಂದು ಮೇಷ್ಟ್ರು ಕೇಳಿದ್ದೂ ಇದನ್ನೇ. ಈ ತಾನಾಗಿಯೇ ಆಗುವ ವರ್ಗಾವಣೆ ಥರ್ಡ್ ಪಾರ್ಟಿಗೆ ಮಾತ್ರ, ಸ್ವಂತ ಗಾಡಿಯ ಹಾನಿಗೆ ಕಂಪನಿಯ ಜೊತೆ ಬೇರೆ ಒಪ್ಪಂದವೇ ಬೇಕು ಎಂದು ಸುಪ್ರೀಂ ಕೋರ್ಟು ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಹೇಳಿದೆ. ಅದು ವರದಿಯಾದದ್ದು 1996ರಲ್ಲಿ. ಕಂಪನಿಗಳು ಇಂದಿಗೂ ಅದನ್ನೇ ಹಿಡಿದುಕೊಳ್ಳುತ್ತವೆ. ರಸ್ತೆಯಲ್ಲಿ ಹೋಗುವ ಅಪರಿಚಿತನನ್ನು ಕಾಪಾಡುವುದು ಕಾಯ್ದೆಯ ಕಾಳಜಿ. ನಿಮ್ಮ ಬಂಪರಿನ ಕಾಳಜಿ ನಿಮ್ಮದೇ.

ಆ ಕಾಳಜಿ ಈ ಪ್ರಕರಣದಲ್ಲಿ ಕೆಲಸಕ್ಕೂ ಬಂತು. ಬೈಕ್ ಸವಾರ ಆಂಧ್ರದ ನ್ಯಾಯಮಂಡಳಿಯಲ್ಲೇ ಪರಿಹಾರಕ್ಕೆ ಅರ್ಜಿ ಹಾಕಿದ. ಅಪಘಾತ ನಡೆದ ಊರು, ತಾನಿರುವ ಊರು ಅಥವಾ ಎದುರು ಪಕ್ಷದವರ ಊರು, ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳುವ ಹಕ್ಕು ಗಾಯಾಳುವಿಗಿದೆ. ಪಾಲಿಸಿ ಪುಣೆಯದು, ಕಾರು ದಾವಣಗೆರೆಯದು, ಕೇಸು ಆಂಧ್ರದ್ದು. ಆದರೂ ಕಂಪನಿಯ ವಕೀಲರು ಅಲ್ಲಿ ಹಾಜರಾದರು, ಲೋಕ ಅದಾಲತ್‌ನಲ್ಲಿ 3,20,000 ರೂಪಾಯಿಗೆ ರಾಜಿಯಾಯಿತು, ದುಡ್ಡು ಕಂಪನಿಯೇ ಕಟ್ಟಿತು. ರಾಜ್ಯದ ಗಡಿಯ ಪ್ರಶ್ನೆಯನ್ನು ಯಾರೂ ಎತ್ತಲೇ ಇಲ್ಲ.

ಓನ್ ಡ್ಯಾಮೇಜ್ ವಿಷಯ ನಾವು ಬಿಡಲಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆವು, ಅದೇ ಉತ್ತರ ಬಂತು. ಆಮೇಲೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟೆವು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ದೂರಿಗೆ ಮೇಷ್ಟ್ರು ಸಹಿ ಹಾಕಿದ್ದರು. ಪಾಲಿಸಿದಾರ ಮಗ, ಅವನೇ ಹಾಕಬೇಕು ಎಂದು ವಾಪಸು ಬಂತು. ಹೀಗೆ ಒಂದು ತಿಂಗಳು ಹೋಯಿತು. ವಿಚಾರಣೆ ವಿಡಿಯೊದಲ್ಲಿ ನಡೆದ ದಿನ ಮಗ ಜರ್ಮನಿಯಲ್ಲಿ ಬೆಳಿಗ್ಗೆ ಏಳೂವರೆಗೆ ಎದ್ದು ಕೂತಿದ್ದ, ಇಲ್ಲಿ ಹನ್ನೊಂದು ಗಂಟೆ.

ನಮ್ಮ ವಾದ ಒಂದೇ ಆಗಿತ್ತು: ಆರ್‌ಸಿ ಕಾರ್ಡ್ ಕೈಗೆ ಬಂದದ್ದು 20ಕ್ಕೆ, ಹದಿನಾಲ್ಕು ದಿನವನ್ನು ಅಲ್ಲಿಂದ ಎಣಿಸಬೇಕು. ಆಲಿಸಿದವರು ಸಮಾಧಾನದಿಂದಲೇ ಕೇಳಿದರು, ಹೊಸ ನಂಬರು ನಿಮಗೆ ಯಾವತ್ತು ಗೊತ್ತಾಯಿತು? ಮೇಷ್ಟ್ರು 3ನೇ ತಾರೀಖು ಎಂದರು. ಪಕ್ಕದಲ್ಲಿ ಕೂತಿದ್ದ ನನಗೆ ದೋಸೆ ಅಂಗಡಿ ನೆನಪಾಯಿತು. ಕಾಯ್ದೆಯಲ್ಲಿ ‘ವರ್ಗಾವಣೆಯ ದಿನದಿಂದ’ ಎಂದಿದೆಯೇ ಹೊರತು ಕಾರ್ಡ್ ತಲುಪಿದ ದಿನದಿಂದ ಎಂದಿಲ್ಲ. ಕ್ಲೇಮು ತಿರಸ್ಕರಿಸಿದ್ದು ಸರಿ ಎಂದು ಆದೇಶವಾಯಿತು. ನವೆಂಬರ್ 3ರಿಂದಾಚೆಗೆ ಆ ರಕ್ಷಣೆ ಇರಲಿಲ್ಲವಾದ್ದರಿಂದ ಆ ಅವಧಿಯ ಓನ್ ಡ್ಯಾಮೇಜ್ ಪ್ರೀಮಿಯಂ 2,756 ರೂಪಾಯಿಯನ್ನು ಹಿಂದಿರುಗಿಸಲು ಕಂಪನಿ ಒಪ್ಪಿತು.

ಜಿಲ್ಲಾ ಗ್ರಾಹಕ ಆಯೋಗದ ದಾರಿ ಇನ್ನೂ ತೆರೆದೇ ಇತ್ತು. ಹೋಗುವುದು ಬೇಡ ಎಂದು ನಾನೇ ಹೇಳಿದೆ. ಆರ್‌ಸಿ ಇನ್ನೂ ಮಗನ ಹೆಸರಲ್ಲೇ ಇದ್ದಿದ್ದರೆ ಹೋರಾಡಲು ನೆಲ ಇರುತ್ತಿತ್ತು. ಹೆಸರು ಬದಲಾಗಿ ಇಪ್ಪತ್ತು ದಿನವಾದ ಮೇಲೆ ಗೆಲ್ಲುತ್ತೇವೆ ಎಂದು ಮೇಷ್ಟ್ರ ಖರ್ಚಿನಲ್ಲಿ ನಂಬಿಸುವುದು ನನಗೆ ಒಗ್ಗಲಿಲ್ಲ. ಗ್ಯಾರೇಜಿನವರ ಜೊತೆ ಚೌಕಾಸಿ ಮಾಡಿ 1,21,000ಕ್ಕೆ ಕಾರು ಬಿಡಿಸಿಕೊಂಡೆವು.

ಹಿಂದೆ ತಿರುಗಿ ನೋಡಿದರೆ

ನನ್ನನ್ನು ಇನ್ನೂ ಕೊರೆಯುವ ಸಂಗತಿ ಇದು. ನಿಯಮ ಮೀರಿ ಎಂಎಚ್ ನಂಬರಿನಲ್ಲೇ ಮಗನ ಹೆಸರಲ್ಲಿ ಕಾರು ಓಡಿಸುತ್ತಿದ್ದಷ್ಟು ದಿನ ಪಾಲಿಸಿ ಗಟ್ಟಿಯಾಗಿತ್ತು. ನೋಂದಣಿಯ ನಿಯಮದಂತೆ ನಡೆದು, ತೆರಿಗೆ ಕಟ್ಟಿ, ಎಲ್ಲ ಸರಿಮಾಡಿಕೊಂಡ ಮೇಲೆ ಅದು ಸಡಿಲವಾಯಿತು. ಹಾಗಂತ ನೋಂದಣಿ ಬದಲಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ನೋಂದಣಿ ಬದಲಿಸುವುದು, ಪಾಲಿಸಿ ಬದಲಿಸುವುದು, ಎರಡೂ ಕೆಲಸ ಒಂದೇ ವಾರದಲ್ಲಿ ಆಗಬೇಕು.

ಬರೀ ಊರು ಬದಲಾಗಿ ಹೆಸರು ಅದೇ ಇದ್ದರೆ ಕೆಲಸ ಸುಲಭ: ಹೊಸ ನಂಬರು, ಹೊಸ ವಿಳಾಸ ಎರಡನ್ನೂ ಪಾಲಿಸಿಯಲ್ಲಿ ಎಂಡಾರ್ಸ್‌ಮೆಂಟ್ (ತಿದ್ದುಪಡಿಯ ನಮೂದು) ಮಾಡಿಸಿದರಾಯಿತು, ಬೋನಸ್ಸೂ ಉಳಿಯುತ್ತದೆ. ಚಾಸಿ ನಂಬರು, ಎಂಜಿನ್ ನಂಬರು ಅವೇ ಇರುವುದರಿಂದ ಅದು ಅದೇ ಕಾರು ಎಂಬುದರಲ್ಲಿ ವಾದವಿಲ್ಲ. ಹೆಸರು ಬದಲಾದರೆ ಎಣಿಕೆ ಶುರು. ಮೇಷ್ಟ್ರು 17ರೊಳಗೆ ಅರ್ಜಿ ಹಾಕಿದ್ದರೆ ಆಗುತ್ತಿದ್ದ ಖರ್ಚು ಎಷ್ಟು ಎಂದು ಆಮೇಲೆ ಲೆಕ್ಕ ಹಾಕಿದೆ. ಬೋನಸ್ಸು ಕಾರಿನದಲ್ಲ, ಮನುಷ್ಯನದು. ಮಗನ ಶೇ 45 ಅಪ್ಪನಿಗೆ ಬರುವುದಿಲ್ಲ, ಪಾಲಿಸಿದಾರ ತೀರಿಕೊಂಡಾಗ ಮಾತ್ರ ಮನೆಯವರಿಗೆ ಹೋಗುತ್ತದೆ. ಆದ್ದರಿಂದ ಉಳಿದ ಅವಧಿಗೆ ಆ ರಿಯಾಯಿತಿಯನ್ನು ವಾಪಸು ಕಟ್ಟಬೇಕಿತ್ತು. ಜಿಎಸ್‌ಟಿ ಸೇರಿ ಸುಮಾರು 2,700 ರೂಪಾಯಿ, ಜೊತೆಗೆ ವರ್ಗಾವಣೆಯ ಸಣ್ಣ ಶುಲ್ಕ. ಕಂಪನಿ ಹಿಂದಿರುಗಿಸಿದ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ.

ಇನ್ನೊಂದು ತೂತನ್ನು ನಾವು ಗಮನಿಸಿದ್ದು ತಡವಾಗಿ. ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಹೆಸರಿರುವ ಮಾಲೀಕನಿಗೆ ಮಾತ್ರ. ಆ ಗುರುವಾರ ಕಾರಿನ ಮಾಲೀಕರು ಮೇಷ್ಟ್ರು, ಪಾಲಿಸಿಯಲ್ಲಿ ಹೆಸರು ಮಗನದು. ಮೋರಿ ಕಟ್ಟೆ ಸ್ವಲ್ಪ ಎತ್ತರ ಇದ್ದಿದ್ದರೆ ಎಂಬ ಮಾತನ್ನು ಮೇಷ್ಟ್ರ ಮನೆಯವರ ಎದುರು ನಾನು ಈವರೆಗೆ ಆಡಿಲ್ಲ.

ಈಗ ಯಾರಾದರೂ ನಂಬರು ಬದಲಿಸಿದೆ ಎಂದರೆ, ದೋಸೆ ಅಂಗಡಿಯಲ್ಲೇ ಆಗಲಿ ಮದುವೆ ಮನೆಯಲ್ಲೇ ಆಗಲಿ, ಕೈ ತೊಳೆದುಕೊಂಡು ಬಂದು ಅವರ ಫೋನಿನಲ್ಲಿ ಡಿಜಿಲಾಕರ್ ತೆರೆಸುತ್ತೇನೆ. ಮಾಲೀಕರ ಹೆಸರು, ಮಂಜೂರಾದ ತಾರೀಖು ನೋಡಿ ಅಲ್ಲೇ ಕಂಪನಿಗೆ ಇಮೇಲ್ ಹಾಕಿಸುತ್ತೇನೆ. ಕೆಲವರು ಇವನದೊಂದು ಅತಿ ಎನ್ನುತ್ತಾರೆ.

ಮೇಷ್ಟ್ರು ಈಗ ತಮ್ಮದೇ ಹೆಸರಿನ ಪಾಲಿಸಿಯಲ್ಲಿ ಕಾರು ಓಡಿಸುತ್ತಾರೆ, ಬೋನಸ್ ಸೊನ್ನೆಯಿಂದ ಶುರುವಾಗಿದೆ. ಮಗನ ಶೇ 45ರ ಬೋನಸ್ಸಿಗೆ ಕಂಪನಿಯಿಂದ ಪ್ರಮಾಣಪತ್ರ ತೆಗೆಸಿದ್ದೇವೆ. ಅದಕ್ಕೆ ಮೂರು ವರ್ಷ ಆಯಸ್ಸು, ಅಷ್ಟರೊಳಗೆ ಅವನು ಇಲ್ಲಿ ಹೊಸ ಕಾರು ಕೊಂಡರೆ ಉಪಯೋಗಕ್ಕೆ ಬರುತ್ತದೆ. ಮೇಷ್ಟ್ರು ಅದನ್ನು ಪಂಚಾಂಗದ ಜೊತೆ ಇಟ್ಟಿದ್ದಾರೆ. ನಾನು ಹೋದಾಗಲೆಲ್ಲ ತೆಗೆದು ತಾರೀಖು ನೋಡಿ, “ಇನ್ನೂ ಟೈಮ್ ಐತೆ ಅಲ್ಲಪ್ಪಾ?” ಎಂದು ಕೇಳುತ್ತಾರೆ.